ಪಂಚಮಿಗೆ ಲುಸಾಕಾದಿಂದ ಬಂದ ಮಗಳು

ಆಫ್ರಿಕಾದಿಂದ ನಿಮಗೊಂದು ಫೋನ್ ಬಂದರೆ ಏನು ಮಾಡುತ್ತೀರಿ? ನಾನಂತೂ ಕಟ್ ಮಾಡಿದೆ.

ಮತ್ತೆ ಬಂತು. ಮತ್ತೆ ಕಟ್. ಈಗಿನ ಕಾಲ ಗೊತ್ತಲ್ಲ, ಪರದೇಶದ ನಂಬರಿನಿಂದ ಕರೆ ಬಂತೆಂದರೆ ಒಂದೋ ನಮಗೆ ಲಾಟರಿ ಹೊಡೆದಿರುತ್ತದೆ, ಇಲ್ಲವೇ ನಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಗಾಂಜಾ ಸಿಕ್ಕಿರುತ್ತದೆ. ಮೂರನೇ ಸಲ ಎತ್ತಿದೆ. ಬೈಯಲೆಂದೇ ಎತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಒಬ್ಬ ಹೆಂಗಸು ನನ್ನನ್ನೇ ಬೈದಳು.

“ಯಾಕ್ರಿ, ಎಷ್ಟ ಸಲ ಹಚ್ಚೂದ್ರಿ ಫೋನು? ನಾ ಕಟಕೋಳದಾಕಿ ಮಾತಾಡಾಕ ಹತ್ತೇನಿ!”

ಕಟಕೋಳ ಎಂದರೆ ನಮ್ಮ ರಾಮದುರ್ಗ ತಾಲೂಕಿನ ಕಟಕೋಳ. ಬೈಲಹೊಂಗಲದಲ್ಲಿ ಕೂತಿರುವ ನನಗೆ ಕಟಕೋಳದವರು ಆಫ್ರಿಕಾ ಸುತ್ತಿ ಯಾಕೆ ಫೋನ್ ಹಚ್ಚಬೇಕು?

ಆಕೆಯ ಹೆಸರು ಕಸ್ತೂರಿ. ಕಸ್ತೂರಿ ಬದನಿಕಾಯಿ. ವಯಸ್ಸು ಅರವತ್ತನಾಲ್ಕು. ಅದರಲ್ಲಿ ಅರವತ್ತು ವರ್ಷ ಜಾಂಬಿಯಾ ದೇಶದ ಲುಸಾಕಾ ನಗರದಲ್ಲಿ ಕಳೆದಿದ್ದಾರೆ. ತಂದೆ ಗಣಿತದ ಮಾಸ್ತರರು. ಆ ದೇಶದ ಸಾಲೆಗಳಿಗೆ ಇಲ್ಲಿಂದ ಮಾಸ್ತರರನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಹೋದವರು, ಮೂರು ವರ್ಷಕ್ಕೆಂದು ಹೋದವರು, ಅಲ್ಲಿಯೇ ಉಳಿದರು. ಅಲ್ಲಿಯೇ ತೀರಿಕೊಂಡರು. ಕಸ್ತೂರಿ ಅಲ್ಲಿಯೇ ಒಬ್ಬ ಗುಜರಾತಿಯನ್ನು ಮದುವೆಯಾದರು, ಬೇಕರಿ ನಡೆಸಿದರು, ಈಗಲೂ ನಡೆಸುತ್ತಿದ್ದಾರೆ. ಕನ್ನಡ ಓದಲು ಬರುವುದಿಲ್ಲ. ಮಾತು ಮಾತ್ರ ಎರಡು ವರ್ಷದ ಹಿಂದೆ ತೀರಿಕೊಂಡ ತಾಯಿಯ ಜೊತೆ ದಿನವೂ ಆಡಿದ ಮಾತು. ಹೀಗಾಗಿ ಕಟಕೋಳದ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಸುವುದಕ್ಕಿಂತ ಹೆಚ್ಚು ಕಟಕೋಳದ ಮಾತು ಅವರ ಬಾಯಲ್ಲಿತ್ತು.

ನನ್ನ ನಂಬರು ಸಿಕ್ಕಿದ್ದು ಹೀಗೆ. ಕೆಲವು ತಿಂಗಳ ಹಿಂದೆ ಇದೇ ಅಂಕಣದಲ್ಲಿ ನಮ್ಮ ಕಡೆಯ ಅಡ್ಡಹೆಸರುಗಳ ಬಗ್ಗೆ ಬರೆದಿದ್ದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬದನಿಕಾಯಿ, ಅಕ್ಕಿ, ಎಣ್ಣಿ ಎಂದೆಲ್ಲ ನಮ್ಮ ಮನೆತನದ ಹೆಸರುಗಳು ಇರುವುದರಿಂದ ಹಾಜರಿ ಕರೆದರೆ ಸಂತೆಯ ಚೀಟಿ ಓದಿದಂತಿರುತ್ತದೆ ಎಂದು ತಮಾಷೆ ಮಾಡಿದ್ದೆ. (ಮೂರು ಜನ ಸಿಟ್ಟಾಗಿ ಫೋನ್ ಮಾಡಿದ್ದರು. ಮೂವರೂ ಮೆಣಸಿನಕಾಯಿಯವರೇ.) ಆ ಬರಹವನ್ನು, ಕೆಳಗಿದ್ದ ನನ್ನ ನಂಬರಿನ ಸಮೇತ, ಯಾರೋ ಫೋಟೊ ಹೊಡೆದು ವಾಟ್ಸಪ್ಪಿಗೆ ಹಾಕಿದರು. ಅದು ಗುಂಪಿನಿಂದ ಗುಂಪಿಗೆ ಹಾರುತ್ತ ಲುಸಾಕಾ ತಲುಪಿ, ಅಲ್ಲಿನ ಒಬ್ಬ ಕನ್ನಡದ ಡಾಕ್ಟರು ಇವರ ಬೇಕರಿಯಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳಿದ್ದಾರೆ.

“ನನ್ನ ಹೆಸರ ಪೇಪರಿನಾಗ ಬಂದೈತಿ ಅಂತ ನಾ ಅತ್ತಬಿಟ್ಟೆನ್ರಿ,” ಎಂದರು ಕಸ್ತೂರಿ. “ಇಲ್ಲೆ ಸಾಲ್ಯಾಗ ನನ್ನ ಎಗ್‌ಪ್ಲಾಂಟ್ ಅಂತ ಕರೀತಿದ್ರು. ಹತ್ತ ವರ್ಷ! ನಾನೂ ಬಿಡಲಿಲ್ಲ. ಮದುವಿ ಆದ್ರೂ ಹೆಸರ ಬದಲ ಮಾಡಲಿಲ್ಲ.”

ಅವರಿಗೆ ಬೇಕಾಗಿದ್ದು ಇಷ್ಟೇ. ಈ ಸಲದ ನಾಗರ ಪಂಚಮಿಗೆ ಕಟಕೋಳಕ್ಕೆ ಬರಬೇಕು. ತಾನು ಹುಟ್ಟಿದ ಮನೆಯ ಒಳಗೆ ಒಂದು ಸಲ ಕೂರಬೇಕು. ಆ ಮನೆಯನ್ನು ನಾನು ಹುಡುಕಿಕೊಡಬೇಕು.

“ಮನೆಯ ನೆನಪು ಏನಾದರೂ ಇದೆಯೇ?” ಎಂದೆ.

ಇತ್ತು. ದೊಡ್ಡ ಹೊಸ್ತಿಲು, ದಾಟಲು ಅಜ್ಜ ಎತ್ತಿಕೊಳ್ಳಬೇಕಾಗಿತ್ತು. ಒಳಗೆ ಕಾಲಿಟ್ಟ ಕೂಡಲೇ ದನ. ದನದಾಚೆ ಎತ್ತರದ ಪಡಸಾಲೆ. ಪಡಸಾಲೆಯ ಮೇಲೆ, ಮಣ್ಣಿನ ಮಾಳಿಗೆಯ ಕಿಂಡಿಯಿಂದ ಒಂದು ದುಂಡನೆಯ ಬಿಸಿಲು ಬೀಳುತ್ತಿತ್ತು. ಅದರ ಮೇಲೆ ಕೈಯಿಟ್ಟರೆ ಬಿಸಿಲು ಕೈ ಮೇಲೆ ಬರುತ್ತಿತ್ತು. ಕೈ ತೆಗೆದರೆ ಮತ್ತೆ ನೆಲಕ್ಕೆ ಹೋಗುತ್ತಿತ್ತು. ಇದನ್ನು ಆಟ ಎಂದುಕೊಂಡು ದಿನವೂ ಆಡುತ್ತಿದ್ದರಂತೆ.

ಅಷ್ಟೇ. ಅರವತ್ತು ವರ್ಷದ ಆಸ್ತಿ!

ನಮ್ಮ ಕಡೆಯ ಮಾಳಿಗೆ ಮನೆ ನೋಡಿದವರಿಗೆ ನಗು ಬಂದಿರಬೇಕು. ದೊಡ್ಡ ಹೊಸ್ತಿಲು, ದನ, ಪಡಸಾಲೆ, ಬೆಳಕಿಂಡಿ ಇಲ್ಲದ ಹಳೆಯ ಮನೆ ಯಾವುದಿದೆ? ನಾನು ಅದನ್ನು ಹೇಳಲಿಲ್ಲ. ಯಾಕೆಂದರೆ ನನಗೆ ಬೆಳಕಿಂಡಿಯ ಗೊಡವೆ ಬೇಕಾಗಿರಲಿಲ್ಲ. ಬದನಿಕಾಯಿ ಎಂಬ ಅಡ್ಡಹೆಸರು ಸಿಕ್ಕಿತ್ತಲ್ಲ! ನಮ್ಮ ಹಳ್ಳಿಗಳಲ್ಲಿ ಅಡ್ಡಹೆಸರು ಗೊತ್ತಿದ್ದರೆ ಗೂಗಲ್ ಮ್ಯಾಪ್ ಬೇಡ. ನಾಯಿಯೂ ದಾರಿ ತೋರಿಸುತ್ತದೆ. “ಅರ್ಧ ತಾಸಿನ ಕೆಲಸ, ನೀವು ಟಿಕೆಟ್ ತೆಗೆಯಿರಿ” ಎಂದು ಧಾರಾಳವಾಗಿ ಹೇಳಿಬಿಟ್ಟೆ.

ಪತ್ರಿಕೆಯಲ್ಲಿ ಬರೆಯುವವರ ಧಾರಾಳತನದ ಬಗ್ಗೆ ಸ್ವಲ್ಪ ಹುಷಾರಾಗಿರಬೇಕು. ಅದು ನನಗೂ ಆಮೇಲೆ ತಿಳಿಯಿತು.

ಪಂಚಮಿಯ ಹಿಂದಿನ ದಿನ ಬೆಳಗಾವಿ ವಿಮಾನ ನಿಲ್ದಾಣದಿಂದ ಅವರನ್ನು ಕಾರಿನಲ್ಲಿ ಹತ್ತಿಸಿಕೊಂಡೆ. ಪ್ಯಾಂಟು, ಉದ್ದನೆಯ ಕುರ್ತಾ, ಗಿಡ್ಡ ಕೂದಲು, ಕೊರಳಲ್ಲಿ ಆಫ್ರಿಕಾದ ಬಣ್ಣಬಣ್ಣದ ಬಟ್ಟೆ. ಕಾರಿನಲ್ಲಿ ಕೂತವರೇ ಕಿಟಕಿ ಇಳಿಸಿದರು. ಎ.ಸಿ. ಇದೆ ಎಂದೆ. “ಎ.ಸಿ. ಅಲ್ಲೂ ಐತ್ರಿ,” ಎಂದರು. ಕಬ್ಬಿನ ಗದ್ದೆ, ಗೋವಿನಜೋಳ, ಎರೆಮಣ್ಣು, ಏನು ಕಂಡರೂ ಅದು ಏನು, ಯಾರದು ಎಂದು ಪ್ರಶ್ನೆ.

ಯರಗಟ್ಟಿ ಬಂತು. “ಇಲ್ಲಿ ನಿಮ್ಮವರು ಯಾರರ ಅದಾರೇನ್ರಿ?” ಎಂದು ಕೇಳಿದರು.

“ತಂಗಿ ಇದ್ದಾಳೆ. ಸರೋಜಾ.”

“ಅಯ್ಯ! ಮತ್ತ ಇಳಿಯೂಣಲ್ರಿ! ನಾಳಿ ಪಂಚಮಿ, ತಂಗಿನ್ನ ಕರಕೊಂಡ ಹೋಗಬೇಕಲ್ಲ ನೀವು?”

“ಅವಳು ಬಿಜಿ ಇರುತ್ತಾಳೆ. ಇನ್ನೊಮ್ಮೆ ಇಳಿಯೋಣ,” ಎಂದೆ. (ಬಿಜಿ ಇರುವವಳು ಅವಳೋ ನಾನೋ ಎಂದು ಕೇಳಬೇಡಿ. ಅಂದು ಬೆಳಿಗ್ಗೆಯೇ ಅವಳ ವಾಟ್ಸಪ್ಪಿಗೆ ಹೆಡೆ ಬಿಚ್ಚಿದ ನಾಗಪ್ಪನ ಚಿತ್ರ ಕಳಿಸಿದ್ದೆ. ಅವಳು ಹೆಬ್ಬೆಟ್ಟು ಕಳಿಸಿದ್ದಳು. ಅಣ್ಣ ತಂಗಿಯ ವ್ಯವಹಾರ ಚುಕ್ತಾ ಆಗಿತ್ತು.)

ಕಟಕೋಳ ಮುಟ್ಟಿದಾಗ ಹನ್ನೊಂದು ಗಂಟೆ, ಮೋಡ ಕವಿದಿತ್ತು. ಬಾಯಾರಿತ್ತು. ಊರೊಳಗೆ ಹೋಗುವ ದಾರಿಯಲ್ಲಿ ಒಂದು ಗುಲಾಬಿ ಬಣ್ಣದ ಎರಡಂತಸ್ತಿನ ಕಟ್ಟಡ. ಕೆಳಗೆ ಸೋಡಾ ಅಂಗಡಿ ಮತ್ತು ಮೊಬೈಲ್ ರಿಪೇರಿ, ಮೇಲೆ ಬ್ಯೂಟಿ ಪಾರ್ಲರ್. ಅಲ್ಲಿ ನಿಂತು ಸೋಡಾ ಕುಡಿದೆವು. ಕಸ್ತೂರಿ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಮೂಗು ಮುರಿದರು.

“ಇಂಥಾ ಛಲೋ ಊರಾಗ ಇಂಥಾ ಬಣ್ಣ ಯಾರು ಬಳದಾರ್ರಿ? ಕಣ್ಣ ಕುಕ್ಕತೈತಿ!”

ಸೋಡಾ ಅಂಗಡಿಯವನು ಕೇಳಿಸಿಕೊಂಡು ಬಾಟಲಿ ಒರೆಸುತ್ತ ನಿಂತ. ಅವನನ್ನೇ ಕೇಳಿದೆ, “ಬದನಿಕಾಯವರ ಮನೆ ಎಲ್ಲಪ್ಪ?”

“ಮ್ಯಾಲಿನ ಓಣ್ಯಾಗ್ರಿ. ಬೇವಿನ ಗಿಡದ ಮನಿ. ನೀಲವ್ವಾಯಿ ಮನಿ ಅಂದ್ರ ಯಾರರ ತೋರಸ್ತಾರ.”

ನೋಡಿದಿರಾ? ನಾನು ಹೇಳಿರಲಿಲ್ಲವೇ? ಅರ್ಧ ತಾಸೂ ಆಗಲಿಲ್ಲ.

ಬೇವಿನ ಗಿಡ ಸಿಕ್ಕಿತು, ಮನೆ ಸಿಕ್ಕಿತು. ಹೊಸ್ತಿಲು ನನ್ನ ಮೊಣಕಾಲಿನ ಹತ್ತಿರ ಬರುವಷ್ಟು ಎತ್ತರ. ಒಳಗೆ ಎರಡು ಎಮ್ಮೆ, ಒಂದು ಆಕಳು. ಅದರಾಚೆ ಪಡಸಾಲೆ. ತಲೆಯೆತ್ತಿದರೆ ಬೆಳಕಿಂಡಿ, ಮಳೆ ಬಾರದಂತೆ ಈಗ ಅದಕ್ಕೊಂದು ಗಾಜು ಮುಚ್ಚಿದ್ದರು. ಕಸ್ತೂರಿ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. “ಇದಽ ಮನಿ,” ಎಂದರು.

ಎಪ್ಪತ್ತೈದು ದಾಟಿದ ನೀಲವ್ವ ಒಳಗಿನಿಂದ ಬಂದರು. ನಾನು ದೊಡ್ಡ ಭಾಷಣವನ್ನೇ ಮಾಡಿದೆ. ಇವರು ಈ ಮನೆಯ ಮಗಳು, ಮಾಸ್ತರರ ಮಗಳು, ಅರವತ್ತು ವರ್ಷದ ಹಿಂದೆ ಪರದೇಶಕ್ಕೆ ಹೋದವರು ಇತ್ಯಾದಿ. ನೀಲವ್ವ ಕಸ್ತೂರಿಯ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ತಂಬಿಗೆ ನೀರು ತಂದು ಆಕೆಯ ಕಾಲಿಗೆ ಹಾಕಿದರು.

“ಬಾ ಯವ್ವಾ. ಪಂಚಮಿಗೆ ಬಂದೀ, ಛಲೋ ಆತು. ಕೈಕಾಲ ತೊಳಕೊಂಡ ಒಳಗ ನಡಿ. ರೊಟ್ಟಿ ಬಡಿಯೂದೈತಿ.”

ಅವತ್ತು ರೊಟ್ಟಿ ಹಬ್ಬ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಂಚಮಿಯ ಹಿಂದಿನ ದಿನ ನಮ್ಮ ಕಡೆ ಮನೆಮನೆಯಲ್ಲೂ ರೊಟ್ಟಿ ಬಡಿದು, ಕಾಳುಪಲ್ಯ, ಚಟ್ನಿ ಹಚ್ಚಿಕೊಂಡು ಓಣಿಯ ತುಂಬ ಹಂಚುತ್ತಾರೆ. ನಿಮ್ಮ ಮನೆಯ ರೊಟ್ಟಿ ಅವರ ಮನೆಗೆ, ಅವರ ಮನೆಯದು ನಿಮ್ಮ ಮನೆಗೆ. ಕಸ್ತೂರಿ ಪ್ಯಾಂಟಿನಲ್ಲೇ ಚಕ್ಕಳಮಕ್ಕಳ ಹಾಕಿ ರೊಟ್ಟಿ ಬಡಿಯುವ ಮರದ ಕೊಮಣಿಗೆಯ ಮುಂದೆ ಕೂತರು. ಜೋಳದ ಹಿಟ್ಟು ನಾದಿ, ಪಟಪಟ ಬಡಿದು, ಚಂದ್ರನಷ್ಟು ದುಂಡಗೆ ಮಾಡಿ ಹಂಚಿನ ಮೇಲೆ ಹಾಕಿದರು. ನೀಲವ್ವನ ಸೊಸೆ ಬಾಯಿಬಿಟ್ಟು ನೋಡಿದಳು.

“ಬೇಕರಿಯಾಕಿ ಅಂದಿ. ರೊಟ್ಟಿ ಯಾರು ಕಲಿಸಿದ್ರು?” ಎಂದು ನೀಲವ್ವ ಕೇಳಿದರು.

“ನಮ್ಮವ್ವ. ಮೆಕ್ಕಿಜೋಳದ ಹಿಟ್ಟಿನಾಗ ಕಲಿಸಿದ್ಲು, ಅಲ್ಲೆ ಬಿಳಿಜೋಳ ಎಲ್ಲಿಂದ ಬರಬೇಕ್ರಿ?”

“ಹಿಟ್ಟ ಯಾವದರ ಇರಲಿ. ಕೈ ನಮ್ಮೂರದ ಐತಿ,” ಎಂದರು ನೀಲವ್ವ.

ಸಂಜೆಯವರೆಗೆ ಕಸ್ತೂರಿ ರೊಟ್ಟಿಯ ಬುಟ್ಟಿ ಹೊತ್ತು ಓಣಿಯ ಎಲ್ಲ ಮನೆಗಳಿಗೆ ಹೋಗಿ ಬಂದರು. ‘ನಾ ಬದನಿಕಾಯವರ ಮಗಳು’ ಎಂದು ಎಲ್ಲ ಕಡೆ ಹೇಳಿಕೊಂಡರು. ಎಲ್ಲರೂ ‘ಹೌದನವ್ವಾ, ಬಾ’ ಎಂದರು. ಪಡಸಾಲೆಯ ಗೋಡೆಯ ಮೇಲೆ ಪಟಕಾ ಸುತ್ತಿದ ಒಬ್ಬ ಮೀಸೆಯ ಅಜ್ಜನ ಫೋಟೊ ಇತ್ತು. ಹೋಗುವಾಗ ಬರುವಾಗಲೆಲ್ಲ ಕಸ್ತೂರಿ ಅದಕ್ಕೆ ಕೈ ಮುಗಿಯುತ್ತಿದ್ದರು. ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತ, ಒಳ್ಳೆಯ ಕೆಲಸ ಮಾಡಿದ ಮನುಷ್ಯನ ಹಾಗೆ ಕಾಲು ಚಾಚಿ ಕೂತಿದ್ದೆ. ಬೈಲಹೊಂಗಲಕ್ಕೆ ಹೊರಟವನನ್ನು ನೀಲವ್ವ ಬಿಡಲಿಲ್ಲ. ಹಬ್ಬ ಮುಗಿಯುವ ತನಕ ನಾನೂ ಅಲ್ಲಿಯೇ ಝಂಡಾ ಊರಿದೆ.

ಮರುದಿನ ಬೆಳಿಗ್ಗೆ ಹಾಲೆರೆಯುವ ಹೊತ್ತು. ನನ್ನ ಕಾಲು ಮಡಚಿಸಿದ್ದು ಅದೇ.

ಮಣ್ಣಿನ ನಾಗಪ್ಪನನ್ನು ಪಡಸಾಲೆಯಲ್ಲಿ ಕೂರಿಸಿ, ಕೊಬ್ಬರಿ ಬಟ್ಟಲಿನಿಂದ ಹಾಲೆರೆಯುತ್ತಾರೆ. ಸುಮ್ಮನೆ ಎರೆಯುವುದಲ್ಲ. ಒಂದೊಂದು ಸಲ ಎರೆಯುವಾಗಲೂ ಒಬ್ಬೊಬ್ಬರ ಪಾಲು ಹೇಳಬೇಕು. ದೇವರ ಪಾಲು, ಗುರುವಿನ ಪಾಲು, ಆಮೇಲೆ ಮನೆಯವರ ಪಾಲು. ಇದ್ದವರು, ಹೋದವರು, ದೂರದಲ್ಲಿರುವವರು ಯಾರನ್ನೂ ಬಿಡುವಂತಿಲ್ಲ. ನೀಲವ್ವ ತಮ್ಮ ಮಂದಿಯನ್ನೆಲ್ಲ ಹೇಳಿ ಮುಗಿಸಿ ಬಟ್ಟಲನ್ನು ಕಸ್ತೂರಿಯ ಕೈಗೆ ಕೊಟ್ಟರು.

“ಅಪ್ಪನ ಪಾಲ,” ಎಂದು ಕಸ್ತೂರಿ ಎರೆದರು. “ಅವ್ವನ ಪಾಲ.” ಆಮೇಲೆ ಗೋಡೆಯ ಮೇಲಿನ ಮೀಸೆಯ ಅಜ್ಜನ ಕಡೆ ಒಮ್ಮೆ ನೋಡಿ, ಹೆಮ್ಮೆಯಿಂದ, “ಫಕೀರಪ್ಪಜ್ಜನ ಪಾಲ,” ಎಂದರು.

ನಾನೂ ಫೋಟೊದ ಕಡೆ ನೋಡಿದೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಶ್ರೀ ಶಿವಲಿಂಗಪ್ಪ ಬದನಿಕಾಯಿ.

ಕಸ್ತೂರಿಗೆ ಕನ್ನಡ ಓದಲು ಬರುವುದಿಲ್ಲ. ನನಗೆ ಬರುತ್ತದೆ. ಹಿಂದಿನ ದಿನವಿಡೀ ಅದೇ ಫೋಟೊದ ಕೆಳಗೆ ಕೂತು ಚಹಾ ಕುಡಿದವನು ನಾನು! ‘ನಿಮ್ಮ ಅಜ್ಜನ ಹೆಸರೇನು’ ಎಂಬ ಒಂದು ಪ್ರಶ್ನೆಯನ್ನು ಒಂದು ಸಲವಾದರೂ ಕೇಳಿದ್ದೆನೇ? ಸಾಲೆಗೆ ಹೆಸರು ಹಚ್ಚುವಾಗ ಕೂಡ ಕೇಳುವ ಪ್ರಶ್ನೆ ಅದು. ಅಡ್ಡಹೆಸರು ಸಿಕ್ಕ ಸಂತೋಷದಲ್ಲಿ ಬರಿ ಹೆಸರೇ ನೆನಪಾಗಲಿಲ್ಲ.

ನೀಲವ್ವನ ಮುಖ ನೋಡಿದೆ. ಆಕೆ ರೆಪ್ಪೆ ಕೂಡ ಬಡಿಯಲಿಲ್ಲ. “ಹೂಂ, ಎರಿ ಯವ್ವಾ. ಫಕೀರಪ್ಪಜ್ಜನ ಪಾಲ,” ಎಂದು ತಾವೂ ಹೇಳಿ ಹಾಲು ಹಾಕಿಸಿದರು.

ಹಾಲೆರೆದು ಮುಗಿದದ್ದೇ ತಡ, ನೀಲವ್ವ ಹಿತ್ತಲಿಗೆ ಹೋದಾಗ ಬೆನ್ನಟ್ಟಿದೆ.

“ಅವ್ವಾ, ಇವರು ಈ ಮನೆಯವರಲ್ಲ, ಅಲ್ವಾ?”

“ಅಲ್ಲ,” ಎಂದರು ನೀಲವ್ವ, ಹಿತ್ತಲಿಗೆ ತಂದು ಕಟ್ಟಿದ ಎಮ್ಮೆಗೆ ಹುಲ್ಲು ಹಾಕುತ್ತ. “ಇವರು ಕೆಳಗಿನ ಓಣಿ ಬದನಿಕಾಯವರು. ನಾವ ಬ್ಯಾರೆ, ಅವರ ಬ್ಯಾರೆ. ಊರಾಗ ಎರಡ ಮನಿ ಬದನಿಕಾಯವರು ಇದ್ವಿ. ಅವರು ಮನಿ ಮಾರಿ ಸೋಲಾಪುರ ಕಡೆ ಹ್ವಾದ್ರು. ಭಾಳ ವರ್ಷ ಆತು. ಈಗಿನ ಹುಡುಗರಿಗೆ ಗೊತ್ತಿಲ್ಲ.”

“ಆ ಮನೆ ಈಗ?”

“ಕೆಡವಿ ಕಟ್ಟ್ಯಾರಲ್ಲ, ಗುಲಾಬಿ ಬಣ್ಣದ್ದು. ಬರೂ ಮುಂದ ನೋಡಿರಬೇಕಲ್ಲ ನೀವು?”

ನೋಡಿದ್ದೆವು. ಸೋಡಾ ಕುಡಿದಿದ್ದೆವು. ಬಣ್ಣಕ್ಕೆ ಬೈದು ಬಂದಿದ್ದೆವು.

“ನಿಮಗೆ ಯಾವಾಗ ಗೊತ್ತಾಯಿತು?”

“ಮಾಸ್ತರ ಮಗಳು ಅಂದ್ಯಲ್ಲ, ಆವಾಗಽ.” ನೀಲವ್ವ ಹುಲ್ಲಿನ ಹೊರೆ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ತಮ್ಮಾ, ನಾ ಮದುವಿ ಆಗಿ ಬಂದ ವರ್ಷಽ ಈಕಿ ಅವ್ವ ಈಕಿನ್ನ ಬಗಲಾಗ ಎತಗೊಂಡ ಬಸ್ಸ ಹತ್ತಾಕ ಹೊಂಟಿದ್ಲು. ಪಂಚಮಿ ಆಗಿ ನಾಕ ದಿನ ಆಗಿತ್ತು. ನಮ್ಮ ಬಾಗಲ ಮುಂದಽ ಹಾದ ಹ್ವಾದ್ಲು. ಮನ್ಯಾಗ ಉಂಡಿ ಇದ್ದು. ಎರಡ ಉಂಡಿ ಕೂಸಿನ ಕೈಯಾಗ ಇಡಬೇಕು ಅಂದ್ನಿ. ಹೊಸಾ ಸೊಸಿ ನಾ. ಅತ್ತಿಗೆ ಅಂಜಿ ಹೊಸ್ತಿಲ ದಾಟಲಿಲ್ಲ. ಆ ಕೂಸು ತಿರುಗಿ ತಿರುಗಿ ನೋಡಕೋತ ಹ್ವಾತು.”

ನೀಲವ್ವ ಮತ್ತೆ ಹುಲ್ಲಿನ ಹೊರೆ ಎತ್ತಿಕೊಂಡರು.

“ನನಗ ನಾಕ ಮಂದಿ ಗಂಡಮಕ್ಕಳು. ಪಂಚಮಿಗೆ ನಮ್ಮ ಬಾಗಲಿಗೆ ಮಗಳು ಅಂತ ಯಾರೂ ಬಂದಿಲ್ಲ. ಈಗ ತವರು ಅಂತ ಒಬ್ಬಾಕಿ ತಾನಾಗಿ ಹುಡುಕ್ಕೊಂಡ ಬಂದ್ರ, ‘ಇದ ನಿನ್ನ ಮನಿ ಅಲ್ಲವಾ, ನಿಂದು ಸೋಡಾ ಅಂಗಡಿ’ ಅನ್ನಲೇನು?”

“ಆದರೆ ಸತ್ಯ...” ಎಂದೆ. ಸತ್ಯವನ್ನು ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ ಎಂದು ಎಷ್ಟು ಸಲ ಭಾಷಣ ಬಿಗಿದಿಲ್ಲ ನಾನು?

“ಸತ್ಯ ಎಲ್ಲಿಗೂ ಓಡಿ ಹೋಗಾಂಗಿಲ್ಲ. ಹಬ್ಬ ಮುಗೀಲಿ,” ಎಂದ ನೀಲವ್ವ, ಹೊರಟವರು ಮತ್ತೆ ನಿಂತರು. “ಅಲ್ಲಪಾ, ಪಂಚಮಿ ದಿನ ನೀ ಇಲ್ಲಿ ಬಂದ ಕುಂತೀಯಲ್ಲ, ನಿನಗ ಅಕ್ಕ ತಂಗೇರು ಇಲ್ಲೇನು?”

ಇದ್ದಾಳೆ, ಬಿಜಿ ಇದ್ದಾಳೆ ಎಂದು ಆಕೆಗೂ ಅದನ್ನೇ ಹೇಳಿದೆ. ನೀಲವ್ವ ನಂಬಲಿಲ್ಲ. ಅಥವಾ ನಂಬಿದ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಒಳಗೆ ಬಂದೆ. ನಿರ್ಧಾರ ಮಾಡಿದ್ದೆ. ಏನೇ ಆಗಲಿ, ಹೇಳಿಬಿಡಬೇಕು. ಸಾವಿರಾರು ಮೈಲು ಬಂದವರನ್ನು ಸುಳ್ಳು ಹೊಸ್ತಿಲ ಮುಂದೆ ಅಳಿಸಿ ಕಳಿಸುವುದು ಎಲ್ಲಿಯ ನ್ಯಾಯ? ತಪ್ಪು ನನ್ನದು, ಕ್ಷಮೆ ಕೇಳಬೇಕು.

ಆಗ ಮೋಡ ಸರಿಯಿತು.

ಬೆಳಕಿಂಡಿಯಿಂದ ಒಂದು ದುಂಡನೆಯ ಬಿಸಿಲು ಪಡಸಾಲೆಯ ನೆಲದ ಮೇಲೆ ಬಿತ್ತು. ಕಸ್ತೂರಿ ಅದರ ಪಕ್ಕ ಕೂತರು. ಅಂಗೈ ಬಿಚ್ಚಿ ಬಿಸಿಲಿನ ಮೇಲಿಟ್ಟರು. ಬಿಸಿಲು ಕೈ ಮೇಲೆ ಬಂತು. ತೆಗೆದರು. ನೆಲಕ್ಕೆ ಹೋಯಿತು. ಮತ್ತೆ ಇಟ್ಟರು. ಅರವತ್ತನಾಲ್ಕರ ಹೆಂಗಸು, ಬೇಕರಿಯ ಮಾಲಕಿ, ಇಬ್ಬರು ಮೊಮ್ಮಕ್ಕಳ ಅಜ್ಜಿ, ನೆಲದ ಮೇಲೆ ಕೂತು ಕಿಲಕಿಲ ನಗುತ್ತಿದ್ದರು.

“ದಿನಾ ಬೀಳತೈತ್ರಿ ಅದು,” ಎಂದ ನೀಲವ್ವನ ಹಿರಿಯ ಮಗ ಬಸು, ಏನು ವಿಶೇಷ ಎಂದು ತಿಳಿಯದೆ.

ನನ್ನ ಬಾಯಿ ಮುಚ್ಚಿತು. ಬೇಕಾದರೆ ನನ್ನನ್ನು ಹೇಡಿ ಎನ್ನಿ. ಆ ಕೈ ನೋಡಿದ್ದರೆ ನೀವು ಹೇಳುತ್ತಿದ್ದಿರಾ?

ಅಲ್ಲಿಂದ ಶುರುವಾಯಿತು ನನ್ನ ಪಡಿಪಾಟಲು. ಮಧ್ಯಾಹ್ನದ ಊಟದಲ್ಲಿ ಐದು ತರಹದ ಉಂಡೆ ಇದ್ದವು. ನನಗೆ ಒಂದೂ ಇಳಿಯಲಿಲ್ಲ. ಕಸ್ತೂರಿ ಆ ಫೋಟೊಗೆ ಕೈ ಮುಗಿದಾಗಲೆಲ್ಲ ಶಿವಲಿಂಗಪ್ಪನವರು ನನ್ನನ್ನೇ ದುರುಗುಟ್ಟಿ ನೋಡಿದಂತಾಗುತ್ತಿತ್ತು. ಸಂಜೆ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದರು. ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಕಸ್ತೂರಿಯನ್ನು ಜೀಕಿದರು. ಆಕೆ ಕಿರುಚುತ್ತ ಮೇಲೆ ಹೋಗುತ್ತಿದ್ದರು, ಕೆಳಗೆ ಬರುತ್ತಿದ್ದರು. ನೀಲವ್ವ ಹಗ್ಗ ಹಿಡಿದು ನಿಂತು ಅದೇನೋ ಹೇಳುತ್ತಿದ್ದರು, ಇಬ್ಬರೂ ನಗುತ್ತಿದ್ದರು. ನಾನು ದೂರದಲ್ಲಿ ಕಟ್ಟೆಯ ಮೇಲೆ ಒಬ್ಬನೇ ಕೂತು, ಊರಿನ ದೊಡ್ಡ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆವರುತ್ತಿದ್ದೆ.

ಊರು ಬಿಟ್ಟವರ ಬಗ್ಗೆ ನಾವು ಒಂದು ಮಾತು ಸುಲಭವಾಗಿ ಹೇಳಿಬಿಡುತ್ತೇವೆ: ‘ನಾಲ್ಕನೇ ವಯಸ್ಸಿಗೇ ಹೋದವರಿಗೆ ಊರಿನ ಸೆಳೆತ ಏನಿರುತ್ತದೆ?’ ಆ ಕಟ್ಟೆಯ ಮೇಲೆ ಕೂತಾಗ ಅನ್ನಿಸಿತು, ಅವರಿಗೇ ಹೆಚ್ಚು ಇರುತ್ತದೆ. ಇಪ್ಪತ್ತಕ್ಕೆ ಊರು ಬಿಟ್ಟವನಿಗೆ ಊರಿನ ಪಾಲು ಜಗಳ ಗೊತ್ತು, ಬದುವಿನ ತಂಟೆ ಗೊತ್ತು, ಯಾವ ಕಾಕಾ ಯಾರ ಜೊತೆ ಮಾತು ಬಿಟ್ಟಿದ್ದಾನೆ ಎಂಬುದೂ ಗೊತ್ತು. ನಾಲ್ಕಕ್ಕೆ ಬಿಟ್ಟವರ ಕೈಯಲ್ಲಿ ಏನಿರುತ್ತದೆ? ಎತ್ತಿಕೊಂಡ ಅಜ್ಜ, ಅಂಗೈ ಮೇಲಿನ ಬಿಸಿಲು. ಅದರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಊರಲ್ಲೇ ಇದ್ದು ಊರನ್ನು ಬೈಯುವ ನಮ್ಮಂಥವರಿಗೆ ಆ ಊರು ಕಾಣುವುದೇ ಇಲ್ಲ.

(ಭಾರೀ ಮಾತಾಯಿತು. ಕಥೆಗೆ ಬರುತ್ತೇನೆ.)

ಮೂರನೆಯ ದಿನ ಹೊರಡುವ ಹೊತ್ತಿಗೆ ನೀಲವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಷಿಣಬೇರು, ಒಂದು ಕುಪ್ಪಸದ ಖಣ ಇಟ್ಟುಕೊಂಡು ಬಂದರು. ತವರಿನಿಂದ ಹೊರಡುವ ಮಗಳ ಉಡಿ ತುಂಬಬೇಕಲ್ಲ. ಆದರೆ ಉಡಿ ತುಂಬಲು ಸೆರಗು ಬೇಕು. ಪ್ಯಾಂಟಿಗೆ ಸೆರಗೆಲ್ಲಿ? ಸೊಸೆ ತನ್ನದೊಂದು ಸೀರೆ ತರಲು ಓಡಿದಳು. ಅಷ್ಟರಲ್ಲಿ ಕಸ್ತೂರಿ ಕೊರಳಲ್ಲಿದ್ದ ಆಫ್ರಿಕಾದ ಬಟ್ಟೆಯನ್ನು ಬಿಚ್ಚಿ, ನಡುವಿಗೆ ಸುತ್ತಿ, ಚುಂಗನ್ನು ಎರಡೂ ಕೈಯಿಂದ ಹಿಡಿದು ಒಡ್ಡಿದರು. ಹಳದಿ ನೀಲಿ ಹೂವಿನ ಆ ಬಟ್ಟೆಯೊಳಗೆ ನೀಲವ್ವ ಕಟಕೋಳದ ಅಕ್ಕಿ ಸುರಿದರು. ಕೊನೆಗೆ ತಮ್ಮ ಸೆರಗಿನ ಗಂಟು ಬಿಚ್ಚಿ ಎರಡು ಶೇಂಗಾ ಉಂಡೆ ತೆಗೆದು ಬೇರೆಯಾಗಿ, ಆಕೆಯ ಅಂಗೈಯಲ್ಲಿಯೇ ಇಟ್ಟರು.

“ಇವು ಆವತ್ತಿನವು,” ಎಂದರು.

‘ಆವತ್ತಿನವು’ ಎಂದರೆ ಏನೆಂದು ಕಸ್ತೂರಿ ಕೇಳಲೇ ಇಲ್ಲ. ನೀಲವ್ವನನ್ನು ಅಪ್ಪಿಕೊಂಡು ನಿಂತುಬಿಟ್ಟರು. ಯಾಕೆ ಕೇಳಲಿಲ್ಲವೆಂಬುದು ಆಗಲೇ ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ನಾನು ಕಾರಿನ ಕೀಲಿ ಹುಡುಕುವ ನಾಟಕ ಮಾಡುತ್ತಿದ್ದೆ.

ಕಾರು ಓಣಿ ದಾಟಿತು. ಕೆಳಗಿನ ಓಣಿಯ ತಿರುವಿನಲ್ಲಿ ಕಸ್ತೂರಿ ಹೇಳಿದರು, “ಇಲ್ಲಿ ಒಂದ ಹತ್ತ ನಿಮಿಷ ನಿಂದರಸ್ರಿ, ಸರ.”

ಎದುರಿಗೆ ಗುಲಾಬಿ ಕಟ್ಟಡ. ಅವರು ಇಳಿದು, ಸೋಡಾ ಅಂಗಡಿಯವನಿಗೆ ನಮಸ್ಕಾರ ಹೇಳಿ, ಮೆಟ್ಟಿಲ ಹತ್ತಿರ ಬಗ್ಗಿ ನೆಲ ಮುಟ್ಟಿ, ಸೀದಾ ಮೇಲೆ ಬ್ಯೂಟಿ ಪಾರ್ಲರ್‌ಗೆ ಹೋದರು. ಹತ್ತು ನಿಮಿಷ ಇಪ್ಪತ್ತಾಯಿತು. ಬಂದವರ ಹುಬ್ಬು ತಿದ್ದಿತ್ತು.

“ಹೆಂಗ ಕಾಣತೇನ್ರಿ?” ಎಂದರು, ಸೀಟಿನಲ್ಲಿ ಕೂರುತ್ತ. “ಹುಟ್ಟಿದ ಮನ್ಯಾಗ ಹುಬ್ಬ ಮಾಡಿಸಿಕೊಂಡ ಬಂದ್ನಿ!”

ನಾನು ಬಾಯಿ ಬಿಟ್ಟೆ. ಮುಚ್ಚಿದೆ. ಮತ್ತೆ ಬಿಟ್ಟೆ.

“ನಿಮಗೆ... ಯಾವಾಗ...”

“ಹಾಲ ಎರಿಯೂ ಮುಂದ ನಮ್ಮ ಅಜ್ಜನ ಹೆಸರ ಹೇಳಿದ್ನಿ. ನಿಮ್ಮ ಮಾರಿ ನೋಡಿದ್ನಿ. ಆ ಅವ್ವನ ಮಾರಿ ಏನೂ ಹೇಳಲಿಲ್ಲ, ನಿಮ್ಮ ಮಾರಿ ಎಲ್ಲಾ ಹೇಳ್ತು! ಸಂಜೀಕ ಜೋಕಾಲಿ ಆಡೂ ಮುಂದ ಕೇಳಿದ್ನಿ. ಅವ್ವ ಎಲ್ಲಾ ಹೇಳಿದ್ಲು. ಉಂಡಿದೂ ಹೇಳಿದ್ಲು. ಓಣಿ ಹಿರೇ ಮಂದಿಗೂ ಮೊದಲಽ ಗೊತ್ತಿತ್ತಂತ. ನಾ ರೊಟ್ಟಿ ಕೊಡಾಕ ಹೋದಾಗ ಒಬ್ಬರೂ ಬಾಯಿ ಬಿಡಲಿಲ್ಲ ನೋಡ್ರಿ!”

ಅಂದರೆ ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ಒಂದು ದಿನವಿಡೀ ಉಂಡೆ ಕೂಡ ತಿನ್ನದೆ ಕಾಪಾಡಿದವನು ನಾನೊಬ್ಬನೇ!

“ನನಗೆ ಯಾಕೆ ಹೇಳಲಿಲ್ಲ?”

“ಅವ್ವ ಬ್ಯಾಡ ಅಂದ್ಲು. ‘ಅಂವಾ ಪೇಪರಿನಾಂವ, ಬರದಗಿರದಾನು’ ಅಂದ್ಲು.”

(ಬರೆದಿದ್ದೇನೆ. ಇಬ್ಬರನ್ನೂ ಕೇಳಿಯೇ ಬರೆದಿದ್ದೇನೆ. ನೀಲವ್ವ ಒಪ್ಪಿಗೆ ಕೊಡುವಾಗ ‘ಸೋಡಾ ಅಂಗಡಿ ಬಣ್ಣಕ್ಕ ಬೈದದ್ದ ಮಾತ್ರ ಬರೀಬ್ಯಾಡ’ ಎಂದಿದ್ದರು. ಕ್ಷಮಿಸಿ ಅವ್ವಾ, ತಡೆಯಲಾಗಲಿಲ್ಲ.)

ಸ್ವಲ್ಪ ದೂರ ಹೋದ ಮೇಲೆ ಕೇಳಿದೆ. “ಬೇಜಾರಾಗಲಿಲ್ಲವೇ? ಆ ಬೆಳಕಿಂಡಿ ನಿಮ್ಮದಾಗಿರಲಿಲ್ಲ.”

“ಬೆಳಕಿಗೇನ್ರಿ, ಮ್ಯಾಲಿನ ಓಣಿ ಕೆಳಗಿನ ಓಣಿ ಅಂತ ಇರತೈತೇನು?” ಎಂದರು ಕಸ್ತೂರಿ. ಒಂದು ಉಂಡೆ ಮುರಿದು ನನಗೂ ಅರ್ಧ ಕೊಟ್ಟರು. “ಹುಟ್ಟಿದ್ದು ಸೋಡಾ ಅಂಗಡ್ಯಾಗ. ತವರು ಬೇವಿನ ಗಿಡದ ಮನ್ಯಾಗ. ನನಗ ಏನ್ ಕಡಿಮಿ ಆತು? ಒಂದ ಮನಿ ಹುಡುಕಾಕ ಬಂದ್ನಿ, ಎರಡ ಸಿಕ್ಕು. ಮುಂದಿನ ಪಂಚಮಿಗೂ ಬಾ ಅಂದಾಳ ಅವ್ವ. ಬರಾಕೀನ ನಾ.”

ಲುಸಾಕಾದಿಂದ ಕಟಕೋಳಕ್ಕೆ ಬರಲು ಎಷ್ಟು ವಿಮಾನ ಬದಲಿಸಬೇಕು ಎಂದು ಕೇಳಿದೆ. ಮೂರು ಎಂದರು.

ಅಷ್ಟರಲ್ಲಿ ಎದುರಿಗೆ ಯರಗಟ್ಟಿ ಬಂದಿತ್ತು. ಬೈಲಹೊಂಗಲದ ನನ್ನ ಮನೆಯಿಂದ ಒಂದು ತಾಸಿನೊಳಗಿನ ದಾರಿ. ಒಂದೇ ಬಸ್ಸು, ಬದಲಿಸುವ ಕೆಲಸವೂ ಇಲ್ಲ. ಸರೋಜಾಳ ಮನೆಗೆ ನಾನು ಹಿಂದೆ ಹೋದದ್ದು ಅವಳ ಮಾವ ತೀರಿಕೊಂಡಾಗ. ಅದಕ್ಕೂ ಹಿಂದೆ ನಮ್ಮ ಅವ್ವ ತೀರಿಹೋದಾಗ ಸುದ್ದಿ ತಿಳಿಸಲು ಫೋನ್ ಮಾಡಿದ್ದೆ. ಪಂಚಮಿಗೆ ಕರೆಯಲು ಎಂದು ಹೋದದ್ದು ಯಾವಾಗ? ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ.

ಕಸ್ತೂರಿ ತಿದ್ದಿದ ಹುಬ್ಬನ್ನು ಸ್ವಲ್ಪ ಮೇಲೇರಿಸಿ ನನ್ನ ಕಡೆ ನೋಡಿದರು ಅಷ್ಟೇ.

ಕಾರನ್ನು ಬದಿಗೆ ಹಚ್ಚಿದೆ. ಫೋನ್ ತೆಗೆದು ತಂಗಿಯ ನಂಬರು ಒತ್ತಿದೆ. ಒಂದೇ ರಿಂಗಿಗೆ ಎತ್ತಿದಳು. ನಾನಿನ್ನೂ ‘ಸರೋಜಾ’ ಎಂದಿರಲಿಲ್ಲ, ಆ ಕಡೆಯಿಂದ ಗಾಬರಿಯ ದನಿ ಬಂತು:

“ಅಣ್ಣಾ, ಯಾರು ಹೋದ್ರು?”